ಮೇಲಿಂದ ಮೇಲೆ ಜಂತು ಔಷಧ ಕುಡಿಸಿದರೂ ಕುರಿಗಳ ಗದ್ದದ ಕೆಳಗೆ ನೀರು ತುಂಬುತ್ತಿದೆ: ಯಾವ ಔಷಧಕ್ಕೆ ಬದಲಾಗಬೇಕು?

ಪ್ರಶ್ನೆ
ಬರೆದವರು: ಕುರಿ ಸಾಕಣೆದಾರ, ಬೀಳಗಿ

ಮಾನ್ಯರೇ, ನಮ್ಮದು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕು. ಆಲಮಟ್ಟಿ ಹಿನ್ನೀರಿಗೆ ಹತ್ತಿರವಿರುವ ನಮ್ಮ ಹೊಲದಲ್ಲಿಯೇ ಕುರಿಹಟ್ಟಿ ಇದೆ. ಡೆಕ್ಕನಿ ತಳಿಯ ಎಂಬತ್ತರಷ್ಟು ಕುರಿಗಳಿವೆ, ಜೊತೆಗೆ ಕೆಲವು ಆಡುಗಳೂ ಇವೆ. ಮುಂಗಾರಿನಲ್ಲಿ ಕುರಿಗಳು ಮಡ್ಡಿಯ ಮೇಲೆ ಮೇಯುತ್ತವೆ. ಹಿಂಗಾರು ಮುಗಿದು ಹಿನ್ನೀರು ಇಳಿಯತೊಡಗಿದ ಮೇಲೆ, ಬೇರೆಲ್ಲೂ ಹಸಿರು ಉಳಿಯದ ಕಾರಣ, ನೀರು ಬಿಟ್ಟುಹೋದ ಜಾಗದಲ್ಲಿ ಚಿಗುರಿದ ಹುಲ್ಲಿಗೆ ಅವುಗಳನ್ನು ಹೊಡೆದುಕೊಂಡು ಹೋಗುತ್ತೇವೆ.

ಎರಡು ವರ್ಷಗಳಿಂದ ಒಂದೇ ತೊಂದರೆ ಮರುಕಳಿಸುತ್ತಿದೆ. ಮಳೆಗಾಲದ ಕೊನೆಗೆ ಕೆಲವು ಕುರಿಗಳು ಹಿಂಡಿನ ಹಿಂದೆ ಬೀಳುತ್ತವೆ, ಕಣ್ಣು ಬಿಳಿಚುತ್ತದೆ, ಸಂಜೆ ಹಟ್ಟಿಗೆ ಬರುವಷ್ಟರಲ್ಲಿ ಗದ್ದದ ಕೆಳಗೆ ಮೆತ್ತನೆಯ ಬಾವು ಕಾಣಿಸುತ್ತದೆ. ಭೇದಿ ಇರುವುದಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ನಾಲ್ಕೈದು ತಿಂಗಳ ಮರಿಗಳು ಹಿಂದಿನ ದಿನ ಮೇಯ್ದು ಬಂದು ಮರುದಿನ ಸತ್ತಿರುವುದೂ ಉಂಟು. ಎರಡು ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಅಲ್ಬೆಂಡಜೋಲ್ ದ್ರಾವಣವನ್ನು ತಪ್ಪದೆ ಕುಡಿಸುತ್ತೇವೆ. ದೊಡ್ಡ ಕುರಿಗೆ 5 ಮಿಲಿ, ಮರಿಗೆ ಅದರ ಅರ್ಧ. ಔಷಧ ಅಂಗಡಿಯವರು ಐವರ್ಮೆಕ್ಟಿನ್ ಚುಚ್ಚುಮದ್ದಿಗೆ ಬದಲಾಯಿಸಿರಿ ಎನ್ನುತ್ತಾರೆ, ನೆರೆಯ ಹಟ್ಟಿಯವರು ಅದೇ ಔಷಧವನ್ನು ತಿಂಗಳಿಗೊಮ್ಮೆ ಕುಡಿಸಿರಿ ಎನ್ನುತ್ತಾರೆ. ಈ ಎರಡರಲ್ಲಿ ಯಾವುದು ಸರಿ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಬರೆದವರು: ಪಶುವೈದ್ಯ, ಬಾಗಲಕೋಟೆ

ತಾವು ಲಕ್ಷಣಗಳನ್ನು ಬಹಳ ಸ್ಪಷ್ಟವಾಗಿ ಬರೆದಿದ್ದೀರಿ, ಆದ್ದರಿಂದ ಉತ್ತರಿಸುವುದು ಸುಲಭವಾಯಿತು. ಆ ಎರಡು ಸಲಹೆಗಳಲ್ಲಿ ಯಾವುದನ್ನೂ ಈಗಲೇ ಅನುಸರಿಸಬೇಡಿರಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಭೇದಿಯಿಲ್ಲದೆ ರಕ್ತಹೀನತೆ, ಗದ್ದದ ಕೆಳಗೆ ನೀರು, ಮರಿಗಳ ಹಠಾತ್ ಸಾವು ಇವು ಒಟ್ಟಿಗೆ ಕಂಡಾಗ ಮೊದಲ ಅನುಮಾನ ಹೀಮಾಂಕಸ್ ಕಂಟಾರ್ಟಸ್ ಎಂಬ ಹುಳುವಿನ ಮೇಲೆ ಬರುತ್ತದೆ. ಇದು ಕುರಿ ಮತ್ತು ಆಡುಗಳ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುವ, ಎರಡು ಮೂರು ಸೆಂಟಿಮೀಟರ್ ಉದ್ದದ ದಾರದಂತಹ ಹುಳು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತವನ್ನು ಖಾಲಿ ಮಾಡುತ್ತದೆ. ಅದು ಅಲ್ಪವೆನಿಸಬಹುದು, ಆದರೆ ಒಂದು ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿ ರಕ್ತ ಹೋಯಿತು. 30 ಕಿಲೋ ತೂಕದ ಕುರಿಯ ಮೈಯಲ್ಲಿ ಇರುವುದೇ ಎರಡು ಲೀಟರಿನಷ್ಟು ರಕ್ತ. ರಕ್ತದೊಂದಿಗೆ ಪ್ರೋಟೀನ್ ಕೂಡ ನಷ್ಟವಾಗುವುದರಿಂದ ರಕ್ತನಾಳಗಳೊಳಗಿನ ನೀರು ಹೊರಕ್ಕೆ ಜಿನುಗಿ, ದಿನವಿಡೀ ತಲೆ ತಗ್ಗಿಸಿ ಮೇಯುವ ಕುರಿಯ ಗದ್ದದ ಕೆಳಗೆ ಸೇರುತ್ತದೆ. ಬಾವು ಸಂಜೆ ಎದ್ದು ಕಾಣುವುದು ಇದೇ ಕಾರಣದಿಂದ.

ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರದವರೆಗೆ ಮೊಟ್ಟೆಗಳನ್ನು ಇಡುತ್ತದೆ. ಹಿಕ್ಕೆಯೊಂದಿಗೆ ಹೊರಬಿದ್ದ ಮೊಟ್ಟೆಯು ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಸೋಂಕು ತರಬಲ್ಲ ಮರಿಹುಳುವಾಗುತ್ತದೆ, ಅದು ಹುಲ್ಲಿನ ಮೇಲಿನ ನೀರಿನ ಪೊರೆಯಲ್ಲಿ ತೆವಳಿ ಮೇಲೇರುತ್ತದೆ. ಕುರಿಯ ಹೊಟ್ಟೆ ಸೇರಿದ ಮೂರು ವಾರಗಳಲ್ಲಿ ಅದೇ ಹುಳು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಸೆಪ್ಟೆಂಬರ್ ತಿಂಗಳ ಮಳೆಯೇ ದೊಡ್ಡದಾಗಿರುವುದರಿಂದ ಆ ಹೊತ್ತಿಗೆ ಹುಲ್ಲಿನ ಮೇಲೆ ಹುಳುಗಳ ಹೊರೆಯೂ ಅತಿ ಹೆಚ್ಚಾಗಿರುತ್ತದೆ. ತಮ್ಮ ಕುರಿಗಳು ಮಳೆಗಾಲದ ಕೊನೆಗೆ ಸೊರಗುವುದಕ್ಕೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ.

ಈಗ ಔಷಧದ ವಿಷಯ. 2.5 ಶೇಕಡಾ ಅಲ್ಬೆಂಡಜೋಲ್ ದ್ರಾವಣವೆಂದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ ಔಷಧವಿರುತ್ತದೆ. ಕಿಲೋಗೆ 7.5 ಮಿಲಿಗ್ರಾಂನಂತೆ 30 ಕಿಲೋ ಕುರಿಗೆ 225 ಮಿಲಿಗ್ರಾಂ, ಅಂದರೆ 9 ಮಿಲಿ ಬೇಕು. ತಾವು ಕುಡಿಸುತ್ತಿರುವುದು 5 ಮಿಲಿ. ಬಾಟಲಿಯ ಮೇಲೆ ಬೇರೆ ಶೇಕಡಾವಾರು ಇದ್ದರೆ ಲೆಕ್ಕವೂ ಬೇರೆಯಾಗುತ್ತದೆ, ಆದ್ದರಿಂದ ಅದನ್ನು ಓದಿ ತಿಳಿಸಿರಿ. ಕಡಿಮೆ ಪ್ರಮಾಣದ ಔಷಧವು ದುರ್ಬಲ ಹುಳುಗಳನ್ನು ಮಾತ್ರ ಕೊಂದು, ತಾಳಿಕೊಳ್ಳಬಲ್ಲವನ್ನು ಉಳಿಸುತ್ತದೆ. ಇಡೀ ಹಿಂಡಿಗೆ ಎರಡು ತಿಂಗಳಿಗೊಮ್ಮೆ ಹೀಗೆ ಕುಡಿಸುತ್ತ ಹೋದರೆ ಹುಲ್ಲುಗಾವಲಿನ ತುಂಬ ಉಳಿದವುಗಳ ಸಂತತಿಯೇ ಹರಡುತ್ತದೆ. ತಿಂಗಳಿಗೊಮ್ಮೆ ಕುಡಿಸಿದರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ. ಐವರ್ಮೆಕ್ಟಿನ್ ಬೇರೆ ಗುಂಪಿನ ಔಷಧ ಎಂಬುದು ನಿಜ. ಆದರೆ ಅದನ್ನೂ ಇದೇ ರೀತಿಯಲ್ಲಿ ಬಳಸಿದರೆ ಕೆಲವು ವರ್ಷಗಳಲ್ಲಿ ಅದೂ ಕೈಕೊಡುತ್ತದೆ. ಅದನ್ನು ಕಜ್ಜಿಗೆ ಮತ್ತು ಉಣ್ಣಿಗೆ ಚುಚ್ಚಿದಾಗಲೂ ಹೊಟ್ಟೆಯ ಹುಳುಗಳು ಅದರ ಪೆಟ್ಟಿಗೆ ಸಿಕ್ಕುತ್ತವೆ ಎಂಬುದನ್ನು ನಮ್ಮವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ಅಲ್ಬೆಂಡಜೋಲ್ ಬಿಟ್ಟು ಫೆನ್ಬೆಂಡಜೋಲ್ ತಂದರೆ ಔಷಧ ಬದಲಾಯಿಸಿದಂತೆಯೇ ಅಲ್ಲ, ಎರಡೂ ಒಂದೇ ಗುಂಪಿಗೆ ಸೇರಿದವು.

ಆದ್ದರಿಂದ ಕುಡಿಸುವ ಮೊದಲು ಕಣ್ಣುರೆಪ್ಪೆ ನೋಡಿರಿ. ದಕ್ಷಿಣ ಆಫ್ರಿಕಾದಲ್ಲಿ ಇದೇ ಹುಳುವಿಗಾಗಿ ಫಮಾಚಾ ಎಂಬ ಐದು ಬಣ್ಣಗಳ ಪಟ್ಟಿಯನ್ನು ರೂಪಿಸಿದ್ದಾರೆ. ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಹಗಲ ಬೆಳಕಿನಲ್ಲಿ ಒಳಪೊರೆಯ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಬೇಕು. ಒಂದನೆಯದು ಗಾಢ ಕೆಂಪು, ಐದನೆಯದು ಬಿಳುಪು. ನಾಲ್ಕು ಮತ್ತು ಐದಕ್ಕೆ ಬಂದ ಕುರಿಗಳಿಗೆ ತಪ್ಪದೆ ಔಷಧ ಕೊಡಬೇಕು. ಮೂರಕ್ಕೆ ಬಂದ ಮರಿ, ಗಬ್ಬದ ಕುರಿ ಮತ್ತು ಹಾಲೂಡಿಸುವ ಕುರಿಗೂ ಕೊಡುವುದು ಒಳ್ಳೆಯದು. ಕೆಂಪಾಗಿರುವವುಗಳನ್ನು ಹಾಗೆಯೇ ಬಿಡಬೇಕು. ಬಹುಪಾಲು ಹುಳುಗಳು ಹಿಂಡಿನ ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತವೆ. ಔಷಧ ಕುಡಿಯದ ಕುರಿಗಳಿಂದ ಬೀಳುವ, ಔಷಧಕ್ಕೆ ಇನ್ನೂ ಬಗ್ಗುವ ಹುಳುಗಳು ಹುಲ್ಲುಗಾವಲಿನಲ್ಲಿ ಉಳಿದು, ಬಗ್ಗದವುಗಳ ಸಂಖ್ಯೆ ಮೇಲುಗೈಯಾಗದಂತೆ ತಡೆಯುತ್ತವೆ. ಎಲ್ಲ ಕುರಿಗಳಿಗೂ ಕುಡಿಸದಿರುವುದು ನಿರ್ಲಕ್ಷ್ಯವೆಂದು ಕುರಿಗಾರರಿಗೆ ತೋರುತ್ತದೆ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಔಷಧದ ಶಕ್ತಿಯನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಜುಲೈನಿಂದ ನವೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ರೆಪ್ಪೆ ನೋಡಿದರೆ ಸಾಕು.

ಉತ್ತರ 2
ಬರೆದವರು: ಕುರಿಗಾರರ ಮಗ, ಹುನಗುಂದ

ಡಾಕ್ಟರ್ ಸಾಹೇಬರು ಔಷಧದ ವಿಷಯವನ್ನು ವಿವರಿಸಿದ್ದಾರೆ. ನಾನು ಮೇಯಿಸುವ ವಿಷಯದಲ್ಲಿ ನಮ್ಮ ತಂದೆಯವರಿಂದ ತಿಳಿದದ್ದನ್ನು ಬರೆಯುತ್ತೇನೆ. ನಮ್ಮ ಹಿಂಡು ವರ್ಷದ ಹೆಚ್ಚಿನ ಭಾಗ ಊರೂರು ಸುತ್ತುತ್ತದೆ. ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಕುರಿ ತರುಬಿ, ಜೋಳ ಮತ್ತು ಕಡಲೆ ಕಿತ್ತ ಹೊಲಗಳಲ್ಲಿ ಮೇಯಿಸುತ್ತೇವೆ. ಒಂದೇ ಜಾಗದಲ್ಲಿ ನಿಲ್ಲದ ಕಾರಣ ನಮ್ಮ ಕುರಿಗಳಲ್ಲಿ ಈ ಬಾವು ಅಪರೂಪ. ಆದರೆ ಮಳೆಗಾಲದಲ್ಲಿ ಊರಿಗೆ ಮರಳಿ ಒಂದೇ ಮಡ್ಡಿಯ ಮೇಲೆ ಹಲವು ಹಿಂಡುಗಳು ಸೇರಿದಾಗ ನಮ್ಮಲ್ಲಿಯೂ ಕಾಣಿಸಿಕೊಳ್ಳುತ್ತದೆ.

ತಂದೆಯವರು ಇಬ್ಬನಿ ಆರುವವರೆಗೆ ಹಟ್ಟಿಯ ಬಾಗಿಲು ತೆಗೆಯುವುದಿಲ್ಲ. ಉತ್ತರಿ ಮತ್ತು ಹಸ್ತ ಮಳೆಗಳ ಕಾಲದಲ್ಲಿ ಹೊತ್ತೇರಿದ ಮೇಲೆಯೇ ಕುರಿ ಹೊರಡಬೇಕು, ಅಲ್ಲಿಯವರೆಗೆ ತೊಗರಿ ಹೊಟ್ಟನ್ನೋ ಜಾಲಿ ಟೊಂಗೆಯನ್ನೋ ಹಾಕಬೇಕು ಎಂಬುದು ಅವರ ಕಟ್ಟುನಿಟ್ಟು. ಹುಲ್ಲನ್ನು ನೆಲಮಟ್ಟಕ್ಕೆ ಬರುವವರೆಗೆ ಮೇಯಲು ಬಿಡದೆ, ನಾಲ್ಕು ಬೆರಳು ಉಳಿದಿರುವಾಗಲೇ ಜಾಗ ಬದಲಿಸುತ್ತಾರೆ. ಇದಕ್ಕೆ ಕಾರಣವನ್ನು ಅವರು ಬೇರೆ ರೀತಿಯಲ್ಲಿ ಹೇಳುತ್ತಿದ್ದರು, ಆದರೆ ಮರಿಹುಳು ನೀರಿನ ಪೊರೆಯಲ್ಲಿ ಮೇಲೇರುತ್ತದೆ ಎಂಬುದನ್ನು ಓದಿದ ಮೇಲೆ ಆ ಪದ್ಧತಿಯ ಹಿಂದಿನ ತಿಳಿವಳಿಕೆ ನನಗೆ ಗೊತ್ತಾಯಿತು. ತಮ್ಮ ಆಡುಗಳು ಪೊದೆ ಮತ್ತು ಬೇಲಿಗಳ ಸೊಪ್ಪನ್ನು ಮೇಯುವಂತಿದ್ದರೆ ಅವುಗಳಿಗೆ ಹುಳು ಕಡಿಮೆ ತಗಲುತ್ತದೆ. ಕುರಿಗಳೊಂದಿಗೆ ನೆಲದ ಹುಲ್ಲಿಗೇ ಬಿಟ್ಟರೆ ಕುರಿಗಳಿಗಿಂತ ಹೆಚ್ಚು ಸೊರಗುವುದನ್ನು ನಾವು ಕಂಡಿದ್ದೇವೆ.

ಒಂದು ಸಂದೇಹವನ್ನು ಡಾಕ್ಟರರು ಪರಿಹರಿಸಬೇಕು. ಹಿಂದೆ ನಮ್ಮ ಕಡೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಮತ್ತು ನಿಪ್ಪಾಣಿಯ ತಂಬಾಕನ್ನು ನೆನೆಸಿದ ನೀರನ್ನು ಕುರಿಗಳಿಗೆ ಕುಡಿಸುತ್ತಿದ್ದರು. ಈಗಲೂ ಕೆಲವು ಹಟ್ಟಿಗಳಲ್ಲಿ ಈ ರೂಢಿ ಇದೆ. ಔಷಧಗಳು ಕೈಕೊಡುತ್ತಿರುವಾಗ ಇದಕ್ಕೆ ಮರಳುವುದು ಸರಿಯೇ?

ಉತ್ತರ 3
ಬರೆದವರು: ಹೈನುಗಾರಿಕೆ, ಜಮಖಂಡಿ

ಬೀಳಗಿಯವರು ಹಿನ್ನೀರು ಇಳಿದ ಜಾಗದಲ್ಲಿ ಮೇಯಿಸುತ್ತೇವೆ ಎಂದು ಬರೆದಿರುವುದನ್ನು ಓದಿ ಈ ಮಾತು ಸೇರಿಸುತ್ತಿದ್ದೇನೆ. ನಮ್ಮದು ಕೃಷ್ಣಾ ದಂಡೆಯ ಊರು, ಎಮ್ಮೆಗಳಿವೆ. ಬಸಿಗಾಲುವೆಯ ಪಕ್ಕದ ಜೌಗಿನಲ್ಲಿ ಬೆಳೆದ ಹುಲ್ಲನ್ನು ಕೊಯ್ದು ಹಾಕುತ್ತಿದ್ದಾಗ ಎಮ್ಮೆಗಳು ಹಾಲು ಕಡಿಮೆ ಮಾಡಿ, ಬಡವಾಗಿ, ಗದ್ದದ ಕೆಳಗೆ ಇದೇ ರೀತಿಯ ಬಾವು ಬಂದಿತ್ತು. ಸಗಣಿ ಪರೀಕ್ಷೆಯಲ್ಲಿ ಅದು ಪಿತ್ತಜನಕಾಂಗದ ಚಪ್ಪಟೆ ಹುಳು ಎಂದು ತಿಳಿಯಿತು. ಅಂದರೆ ಬಾವು ಒಂದೇ ಆದರೂ ಹುಳು ಬೇರೆ ಇರಬಹುದು.

ಈ ಹುಳು ನೀರಿನ ಬಸವನಹುಳುವಿನ ಮೈಯಲ್ಲಿ ಬೆಳೆದು, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕೂರುತ್ತದೆ ಎಂದು ನಮ್ಮ ವೈದ್ಯರು ತಿಳಿಸಿದರು. ನೀರಿನಲ್ಲಿ ಮುಳುಗಿದ್ದ ಹುಲ್ಲಿನ ಬುಡವನ್ನು ಬಿಟ್ಟು ಮೇಲಿನ ಭಾಗವನ್ನು ಮಾತ್ರ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಲು ಆರಂಭಿಸಿದೆವು. ಕುಡಿಯಲು ಕೊಳವೆಬಾವಿಯ ನೀರನ್ನು ತೊಟ್ಟಿಗೆ ಬಿಟ್ಟೆವು. ಔಷಧಕ್ಕಿಂತ ಈ ಎರಡು ಬದಲಾವಣೆಗಳಿಂದಲೇ ನಮಗೆ ಹೆಚ್ಚು ಉಪಯೋಗವಾಯಿತು ಎಂದು ನನ್ನ ಭಾವನೆ.

ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ಕುರಿ ಸಾಕಣೆದಾರ, ಬೀಳಗಿ

ಎಲ್ಲರಿಗೂ ಕೃತಜ್ಞತೆಗಳು. ಬಾಟಲಿಯ ಮೇಲೆ 2.5 ಶೇಕಡಾ ಎಂದೇ ಇದೆ. ನಮ್ಮಲ್ಲಿ ತೂಕದ ಸಾಧನವಿಲ್ಲ, ಎಂಬತ್ತು ಕುರಿಗಳನ್ನು ಒಂದೊಂದಾಗಿ ತೂಗುವುದು ಹೇಗೆ ಎಂದು ತಿಳಿಯುತ್ತಿಲ್ಲ. ಹಿಂಡಿನಲ್ಲಿ ಈಗ ಗಬ್ಬದ ಕುರಿಗಳೂ ಇವೆ. ಮುಂದಿನ ತಿಂಗಳು ಅಮೀನಗಡದ ಸಂತೆಯಿಂದ ಎರಡು ಟಗರುಗಳನ್ನು ತರಬೇಕೆಂದಿದ್ದೇವೆ. ಅವುಗಳಿಗೆ ಏನು ಮಾಡಬೇಕು? ಜಮಖಂಡಿಯವರು ಹೇಳಿದ ಚಪ್ಪಟೆ ಹುಳು ನಮ್ಮಲ್ಲಿಯೂ ಇದೆಯೇ ಎಂಬುದನ್ನು ಕಂಡುಕೊಳ್ಳುವ ಬಗೆ ಹೇಗೆ?

ಉತ್ತರ 4
ಬರೆದವರು: ಪಶುವೈದ್ಯ, ಬಾಗಲಕೋಟೆ

ಮೊದಲು ಹುನಗುಂದದವರ ಸಂದೇಹ. ಮೈಲುತುತ್ತಕ್ಕೂ ತಂಬಾಕಿಗೂ ಖಂಡಿತ ಮರಳಬೇಡಿರಿ. ಕುರಿಯ ಪಿತ್ತಜನಕಾಂಗವು ತಾಮ್ರವನ್ನು ಕೂಡಿಟ್ಟುಕೊಳ್ಳುತ್ತದೆ, ಅದು ಮಿತಿ ಮೀರಿದ ದಿನ ಒಮ್ಮೆಗೇ ರಕ್ತಕ್ಕೆ ಬಿಡುಗಡೆಯಾಗಿ ಕುರಿ ಕಾಮಾಲೆಯಾಗಿ ಸಾಯುತ್ತದೆ. ದನಗಳು ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳುವುದಿಲ್ಲ. ತಂಬಾಕಿನ ನೀರಿನಲ್ಲಿ ಹುಳುವನ್ನು ಕೊಲ್ಲುವ ಪ್ರಮಾಣಕ್ಕೂ ಕುರಿಯನ್ನು ಕೊಲ್ಲುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಆದರೆ ತಮ್ಮ ತಂದೆಯವರು ಮೇಯಿಸುವ ಕ್ರಮವು ಪಾಠವಾಗಿ ಹೇಳಿಕೊಡಬೇಕಾದಷ್ಟು ಒಳ್ಳೆಯದು. ಜಾಲಿಯಂತಹ ಒಗರು ಸೊಪ್ಪಿನಲ್ಲಿರುವ ಟ್ಯಾನಿನ್ ಹುಳುಗಳ ಮೊಟ್ಟೆಯಿಡುವಿಕೆಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ. ಅದು ಔಷಧದ ಬದಲಿಯಾಗದಿದ್ದರೂ ನೆರವಾಗುತ್ತದೆ.

ಜಮಖಂಡಿಯವರ ಮಾತು ಬಹಳ ಮುಖ್ಯ. ಹಿನ್ನೀರಿನ ಅಂಚಿನಲ್ಲಿ ಮೇಯುವ ಕುರಿಗಳಲ್ಲಿ ಎರಡೂ ಹುಳುಗಳು ಒಟ್ಟಿಗೆ ಇರಬಹುದು, ರೆಪ್ಪೆ ಎರಡರಿಂದಲೂ ಬಿಳಿಚುತ್ತದೆ. ಚಪ್ಪಟೆ ಹುಳು ಬಲಿತು ಮೊಟ್ಟೆಯಿಡಲು ಮೂರು ನಾಲ್ಕು ತಿಂಗಳು ಬೇಕು. ಅದಕ್ಕಿಂತ ಮೊದಲೇ ಎಳೆಯ ಹುಳುಗಳು ಪಿತ್ತಜನಕಾಂಗವನ್ನು ಕೊರೆದು ಕುರಿಯನ್ನು ಕೊಲ್ಲಬಲ್ಲವು, ಆಗ ಹಿಕ್ಕೆಯಲ್ಲಿ ಒಂದು ಮೊಟ್ಟೆಯೂ ಸಿಗುವುದಿಲ್ಲ. ತಾವು ಕುಡಿಸುತ್ತಿರುವ ಅಲ್ಬೆಂಡಜೋಲ್ ಎಳೆಯ ಚಪ್ಪಟೆ ಹುಳುಗಳ ಮೇಲೆ ಕೆಲಸ ಮಾಡುವುದಿಲ್ಲ. ಆಕ್ಸಿಕ್ಲೋಜನೈಡ್ ಬಲಿತವನ್ನು ಕೊಲ್ಲುತ್ತದೆ, ಟ್ರೈಕ್ಲಾಬೆಂಡಜೋಲ್ ಎಳೆಯವನ್ನೂ ಬಲಿತವನ್ನೂ ಕೊಲ್ಲುತ್ತದೆ. ಕ್ಲೋಸಾಂಟೆಲ್ ಎಂಬುದು ಹೀಮಾಂಕಸ್ ಹಾಗೂ ಬೆಳೆದ ಚಪ್ಪಟೆ ಹುಳು ಎರಡರ ಮೇಲೂ ಕೆಲಸ ಮಾಡುತ್ತದೆ, ಆದರೆ ಪ್ರಮಾಣ ಮೀರಿದರೆ ಕುರಿಗೆ ಕುರುಡು ಬರುವ ಅಪಾಯವಿದೆ ಮತ್ತು ಹಾಲನ್ನು ಮನುಷ್ಯರು ಬಳಸುವ ಪ್ರಾಣಿಗಳಿಗೆ ಅದನ್ನು ಕೊಡಬಾರದು. ಹೀಗಿರುವುದರಿಂದ ಯಾವುದನ್ನು ಕೊಡಬೇಕೆಂಬುದು ಪರೀಕ್ಷೆಯ ನಂತರ ತೀರ್ಮಾನವಾಗಲಿ.

ಮರಿಯೊಂದು ಸತ್ತರೆ ಹಾಗೆಯೇ ಹೂಳದೆ ಸ್ಥಳೀಯ ಪಶು ಆಸ್ಪತ್ರೆಗೆ ತಿಳಿಸಿರಿ, ಅಥವಾ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿರಿ. ವೈದ್ಯರು ನಾಲ್ಕನೆಯ ಹೊಟ್ಟೆಯನ್ನು ಮತ್ತು ಪಿತ್ತಜನಕಾಂಗವನ್ನು ತೆರೆದು ನೋಡಿದರೆ ಅಲ್ಲಿಯೇ ಉತ್ತರ ಸಿಗುತ್ತದೆ. ಹೂಳುವಾಗ ಆಳವಾಗಿ ಹೂಳಿರಿ, ಹಟ್ಟಿಯ ನಾಯಿಗಳಿಗೆ ಸತ್ತ ಕುರಿಯ ತಲೆಯನ್ನಾಗಲಿ ಕರುಳನ್ನಾಗಲಿ ಹಾಕಬೇಡಿರಿ. ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆಗಳಿಂದಲೇ ಕುರಿಯ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದು ಕುರಿ ಒಂದೇ ದಿಕ್ಕಿಗೆ ಸುತ್ತುವ ರೋಗ ಬರುತ್ತದೆ. ಮುಧೋಳ ನಾಯಿಯಿರಲಿ, ಬೀದಿ ನಾಯಿಯಿರಲಿ, ಹಿಂಡಿನೊಂದಿಗಿರುವ ಪ್ರತಿಯೊಂದಕ್ಕೂ ಮೂರು ತಿಂಗಳಿಗೊಮ್ಮೆಯಾದರೂ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಿಸಿರಿ.

ತೂಕಕ್ಕೆ ಹತ್ತಿ ತೂಗುವ ತೂಗುಕೊಕ್ಕೆ ಸಾಕು. ಗೋಣಿಚೀಲದ ತಟ್ಟೊಂದನ್ನು ಕುರಿಯ ಹೊಟ್ಟೆಯ ಕೆಳಗೆ ಹಾಯಿಸಿ ಮರದ ಕೊಂಬೆಗೆ ನೇತುಹಾಕಿದರೆ ತೂಕ ಸಿಗುತ್ತದೆ. ಎಂಬತ್ತನ್ನೂ ತೂಗಬೇಕಾಗಿಲ್ಲ. ದೊಡ್ಡ ಕುರಿಗಳು, ಬೆಳೆದ ಮರಿಗಳು, ಎಳೆಯ ಮರಿಗಳು ಎಂದು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಅತಿ ಭಾರವೆನಿಸಿದ ಒಂದೆರಡನ್ನು ತೂಗಿ, ಆ ತೂಕದ ಪ್ರಮಾಣವನ್ನೇ ಆ ಗುಂಪಿನಲ್ಲಿ ರೆಪ್ಪೆ ಬಿಳಿಚಿದವುಗಳಿಗೆ ಕೊಡಿರಿ. ಅಲ್ಬೆಂಡಜೋಲ್ ವಿಷಯದಲ್ಲಿ ಇದರಿಂದ ಅಪಾಯವಿಲ್ಲ. ಇನ್ನೊಂದು ಜಂತು ಔಷಧವಾದ ಲೆವಮಿಸೋಲ್‌ಗೆ ಮಾತ್ರ ಈ ಸಡಿಲಿಕೆ ಬೇಡ, ಅದರ ಸುರಕ್ಷಿತ ಅಂತರ ಕಡಿಮೆ. ಆಡುಗಳ ಮೈ ಔಷಧವನ್ನು ಬೇಗ ಹೊರಹಾಕುವುದರಿಂದ ಕುರಿಯ ಪ್ರಮಾಣ ಅವುಗಳಿಗೆ ಸಾಲುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಿರಿ. ಬಾಟಲಿಯನ್ನು ಚೆನ್ನಾಗಿ ಅಲುಗಿಸಿ, ಔಷಧವನ್ನು ನಾಲಿಗೆಯ ಬುಡದ ಮೇಲೆ ಬೀಳುವಂತೆ ನಿಧಾನವಾಗಿ ಕುಡಿಸಬೇಕು. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡಬಾರದು. ಮರಿಗಳು ಅಂಗವಿಕಲವಾಗುವ ಸಾಧ್ಯತೆಯಿದೆ. ಆದರೆ ಈಯುವ ಹೊತ್ತಿಗೆ ತಾಯಿಯ ರೋಗನಿರೋಧಕ ಶಕ್ತಿ ತಗ್ಗಿ, ಅದರ ಹಿಕ್ಕೆಯಲ್ಲಿ ಮೊಟ್ಟೆಗಳು ಏರುತ್ತವೆ, ಹುಟ್ಟಿದ ಮರಿ ಮೊದಲು ಮೇಯುವುದು ಆ ಹುಲ್ಲನ್ನೇ. ಆದ್ದರಿಂದ ತುಂಬು ಗಬ್ಬದ ಕುರಿಗಳ ರೆಪ್ಪೆಯನ್ನು ಹೆಚ್ಚು ಎಚ್ಚರದಿಂದ ನೋಡಿರಿ, ಅವುಗಳಿಗೆ ಕಾಳು ಮತ್ತು ಹಿಂಡಿಯನ್ನು ಸ್ವಲ್ಪ ಹೆಚ್ಚಿಸಿರಿ. ಹೊಟ್ಟೆಗೆ ಸಾಕಷ್ಟು ಪ್ರೋಟೀನ್ ಸಿಕ್ಕ ಕುರಿ ಹುಳುವಿನ ಹೊರೆಯನ್ನು ಚೆನ್ನಾಗಿ ಎದುರಿಸುತ್ತದೆ.

ಅಮೀನಗಡದಿಂದ ಟಗರು ತಂದ ದಿನವೇ ಹಿಂಡಿಗೆ ಬಿಡಬೇಡಿರಿ. ಬೇರೆ ಹಟ್ಟಿಯ, ಔಷಧಕ್ಕೆ ಬಗ್ಗದ ಹುಳು ತಮ್ಮ ಹೊಲಕ್ಕೆ ಬರುವುದು ಇದೇ ದಾರಿಯಲ್ಲಿ. ಬೇರೆ ಬೇರೆ ಗುಂಪಿನ ಎರಡು ಔಷಧಗಳನ್ನು ವೈದ್ಯರ ಸಲಹೆಯಂತೆ ಕೊಟ್ಟು, ಎರಡು ದಿನ ಒಣ ನೆಲದ ಮೇಲೆ ಕಟ್ಟಿ ಮೇವು ಹಾಕಿರಿ, ಆ ದಿನಗಳ ಹಿಕ್ಕೆಯನ್ನು ಗುಡಿಸಿ ತಿಪ್ಪೆಗೆ ಹಾಕಿರಿ. ಎರಡು ವಾರಗಳ ನಂತರ ಹಿಕ್ಕೆ ಪರೀಕ್ಷೆಯಲ್ಲಿ ಮೊಟ್ಟೆ ಕಾಣದಿದ್ದರೆ ಹಿಂಡಿಗೆ ಸೇರಿಸಬಹುದು.

ಕೊನೆಯದಾಗಿ ತಮ್ಮ ಔಷಧ ಇನ್ನೂ ಕೆಲಸ ಮಾಡುತ್ತಿದೆಯೇ ಎಂಬುದರ ಪರೀಕ್ಷೆ. ಮರಿಗಳ ಗುಂಪಿನಿಂದ ಹತ್ತು ಹದಿನೈದನ್ನು ಆರಿಸಿ, ಕಿವಿಗೆ ಅಥವಾ ಕೊಂಬಿಗೆ ಗುರುತು ಹಾಕಿ, ಪ್ರತಿಯೊಂದರ ಹಿಕ್ಕೆಯನ್ನು ನೆಲದಿಂದ ಎತ್ತದೆ ಗುದದ್ವಾರದಿಂದಲೇ ಕೈಗವಸು ಹಾಕಿಕೊಂಡು ತೆಗೆಯಬೇಕು. ಅದೇ ದಿನ ಸರಿಯಾದ ಪ್ರಮಾಣದ ಅಲ್ಬೆಂಡಜೋಲ್ ಕುಡಿಸಿ, 10ರಿಂದ 14 ದಿನಗಳ ನಂತರ ಅವೇ ಮರಿಗಳ ಹಿಕ್ಕೆಯನ್ನು ಮತ್ತೆ ತರಬೇಕು. ಒಂದು ಗ್ರಾಂನಲ್ಲಿ ಸರಾಸರಿ 1,000 ಇದ್ದ ಮೊಟ್ಟೆಗಳು 50ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ, ಅಂದರೆ 95 ಶೇಕಡಾ ಕಡಿಮೆಯಾದರೆ, ತಮ್ಮ ಔಷಧಕ್ಕೆ ಇನ್ನೂ ಶಕ್ತಿಯಿದೆ, ಪ್ರಮಾಣವೊಂದೇ ಕೊರತೆಯಾಗಿತ್ತು ಎಂದು ತಿಳಿಯಬಹುದು. 400ರಲ್ಲಿಯೇ ನಿಂತರೆ ಆ ಗುಂಪಿನ ಔಷಧಗಳನ್ನು ಬದಿಗಿಡಬೇಕಾಗುತ್ತದೆ. ಚಪ್ಪಟೆ ಹುಳುವಿನ ಮೊಟ್ಟೆ ಭಾರವಾದದ್ದು, ಉಪ್ಪುನೀರಿನ ಪರೀಕ್ಷೆಯಲ್ಲಿ ತೇಲುವುದಿಲ್ಲ. ಆದ್ದರಿಂದ ತಳಕ್ಕೆ ಇಳಿಸಿ ನೋಡುವ ಪರೀಕ್ಷೆಯನ್ನೂ ಮಾಡಿರಿ ಎಂದು ಪ್ರಯೋಗಾಲಯದಲ್ಲಿ ಕೇಳಿಕೊಳ್ಳಿರಿ. ಹಿಕ್ಕೆಯನ್ನು ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿ, ಮೇಲೆ ಕುರಿಯ ಗುರುತು ಬರೆದು, ಮಂಜುಗಡ್ಡೆಯಿರುವ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿರಿ. ಬಿಸಿಲಿಗೆ ಬಿಟ್ಟರೆ ದಾರಿಯಲ್ಲಿಯೇ ಮೊಟ್ಟೆಗಳು ಒಡೆದು ಮರಿಗಳಾಗುತ್ತವೆ, ಎಣಿಕೆಗೆ ಸಿಗುವುದಿಲ್ಲ.